ಗಾಲಿಯ ಮೇಲಿನ ಮನೆಗೆ ಯಾವ ವಿಳಾಸ?

ಕ್ಯಾಲಿಫೋರ್ನಿಯದ ಸನ್ನಿವೇಲ್ ನಗರದಲ್ಲಿರುವ ಮಗಳ ಮನೆಯಲ್ಲಿ ಈಚೆಗೆ ನಾನೂ ನನ್ನ ಪತ್ನಿಯೂ ನಾಲ್ಕು ತಿಂಗಳು ಇದ್ದು ಬಂದೆವು. ಅಲ್ಲಿಗೆ ಹೋಗುವ ನಿವೃತ್ತ ತಂದೆತಾಯಿಗಳಿಗೆ ಇರುವ ಕೆಲಸ ಎರಡೇ: ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಮತ್ತು ಬೆಳಗಿನ ವಾಯುವಿಹಾರ. ಮೊದಲನೆಯದನ್ನು ಪತ್ನಿ ವಹಿಸಿಕೊಂಡಿದ್ದರಿಂದ ಎರಡನೆಯದು ನನ್ನ ಪಾಲಿಗೆ ಧಾರಾಳವಾಗಿ ಒದಗಿತು. ಹಾಗೆ ನಡೆಯುವಾಗ ದಿನವೂ ಒಂದು ಬಡಾವಣೆಯನ್ನು ಹಾದುಹೋಗುತ್ತಿದ್ದೆ. ಒಂದೇ ಅಂತಸ್ತಿನ, ಉದ್ದನೆಯ, ತಗಡಿನ ಹೊದಿಕೆಯ ಮನೆಗಳು. ಮುಂದೆ ಗುಲಾಬಿ ಗಿಡಗಳು, ನಿಂಬೆ ಮರ, ಒಂದು ಕುರ್ಚಿ. ಎಲ್ಲವೂ ಅಚ್ಚುಕಟ್ಟು. ಒಂದು ದಿನ ಗಿಡಕ್ಕೆ ನೀರು ಹಾಕುತ್ತಿದ್ದ ವೃದ್ಧೆಯೊಬ್ಬರು ತಾವಾಗಿಯೇ ಮಾತನಾಡಿಸಿದರು. ಶಾಲಾ ಬಸ್ಸಿನ ಚಾಲಕಿಯಾಗಿದ್ದು ನಿವೃತ್ತರಾದವರು. 'ನಿಮ್ಮ ಮನೆ ಚೆನ್ನಾಗಿದೆ' ಎಂದೆ. ಅವರು ನಕ್ಕು, 'ಮನೆ ನನ್ನದು, ಅದು ನಿಂತಿರುವ ನೆಲ ನನ್ನದಲ್ಲ' ಎಂದರು. ಆಮೇಲೆ ಗೋಡೆಯ ಬುಡದಲ್ಲಿದ್ದ ಹಲಗೆಯೊಂದನ್ನು ತೋರಿಸಿ, ಅದರ ಹಿಂದೆ ಉಕ್ಕಿನ ಚಾಸಿಸ್ ಇದೆ, ಈ ಮನೆ ಮೂವತ್ತು ವರ್ಷಗಳ ಹಿಂದೆ ಕಾರ್ಖಾನೆಯಿಂದ ಲಾರಿಯ ಹಿಂದೆ ಉರುಳಿಕೊಂಡು ಬಂದದ್ದು ಎಂದು ವಿವರಿಸಿದರು.

ಮೂವತ್ತನಾಲ್ಕು ವರ್ಷ ಸರ್ಕಾರಿ ಸೇವೆಯಲ್ಲಿದ್ದು, ಅದರಲ್ಲಿ ಬಹುಭಾಗವನ್ನು ಕಂದಾಯ ಇಲಾಖೆಯ ಕಡತಗಳ ನಡುವೆ ಕಳೆದವನಿಗೆ ಅಂಥ ಮಾತು ಕೇಳಿ ಸುಮ್ಮನಿರಲು ಸಾಧ್ಯವಿಲ್ಲ. ನನ್ನ ತಲೆಯಲ್ಲಿ ಮೊದಲು ಎದ್ದ ಪ್ರಶ್ನೆ: ಇದು ಸ್ಥಿರಾಸ್ತಿಯೋ ಚರಾಸ್ತಿಯೋ? ನಮ್ಮ ಹಳೆಯ ದಸ್ತಾವೇಜುಗಳಲ್ಲಿ 'ಸ್ಥಾವರ ಜಂಗಮ ಸ್ವತ್ತು' ಎಂದು ಬರೆಯುತ್ತಿದ್ದರು. ಹೊಲ, ಮನೆ, ಬಾವಿ ಸ್ಥಾವರ; ದನ, ಬಂಡಿ, ಪಾತ್ರೆ ಜಂಗಮ. ಮನೆಯೇ ಬಂಡಿಯಾದರೆ ಅದನ್ನು ಯಾವ ಕಲಮಿನಲ್ಲಿ ಬರೆಯಬೇಕು? ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಕೊಟ್ಟಿರುವ ಉತ್ತರಗಳನ್ನು ಮಗಳ ಊರಿನ ಗ್ರಂಥಾಲಯದಲ್ಲಿ ಕುಳಿತು ಓದತೊಡಗಿದೆ. ಓದುತ್ತ ಹೋದಂತೆ, ಬಹಳ ವರ್ಷಗಳ ಹಿಂದೆ ನಾನೇ ಬರೆದಿದ್ದ ಒಂದು ಷರಾ ನೆನಪಿಗೆ ಬಂದು ಕಾಡತೊಡಗಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಮೆರಿಕದಲ್ಲಿ ಸುಮಾರು ಎರಡು ಕೋಟಿ ಜನ ಇಂಥ ಮನೆಗಳಲ್ಲಿ ವಾಸಿಸುತ್ತಾರೆ. ಇದರ ಮೂಲ 1920 ಮತ್ತು 30ರ ದಶಕಗಳಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುತ್ತಿದ್ದ ಟ್ರೇಲರುಗಳಲ್ಲಿದೆ. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಕೆಲಸ ಹುಡುಕಿ ಹೊರಟವರಿಗೆ, ಎರಡನೆಯ ಮಹಾಯುದ್ಧದಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ಬಂದ ಕಾರ್ಮಿಕರಿಗೆ ಅದೇ ಮನೆಯಾಯಿತು. ಯುದ್ಧ ಮುಗಿದ ಮೇಲೆ ಟ್ರೇಲರುಗಳು ಅಗಲವಾದವು, ಉದ್ದವಾದವು, ಒಮ್ಮೆ ನಿಲ್ಲಿಸಿದರೆ ಮತ್ತೆ ಕದಲದ ಮನೆಗಳಾದವು. 1974ರಲ್ಲಿ ಸಂಸತ್ತು ಇವುಗಳ ನಿರ್ಮಾಣ ಮತ್ತು ಸುರಕ್ಷತೆಗಾಗಿ ಕಾನೂನು ಮಾಡಿತು; 1976ರ ಜೂನ್‌ನಿಂದ ಇಡೀ ದೇಶಕ್ಕೆ ಒಂದೇ ನಿಯಮಾವಳಿ ಜಾರಿಗೆ ಬಂತು. 1980ರಲ್ಲಿ ಕಾನೂನಿನ ಭಾಷೆಯಿಂದ 'ಮೊಬೈಲ್ ಹೋಮ್' ಎಂಬ ಪದವನ್ನೇ ತೆಗೆದು 'ಮ್ಯಾನುಫ್ಯಾಕ್ಚರ್ಡ್ ಹೋಮ್', ಅಂದರೆ ಕಾರ್ಖಾನೆಯಲ್ಲಿ ತಯಾರಾದ ಮನೆ ಎಂದು ಹೆಸರಿಸಿದರು. ಹೆಸರು ಬದಲಾದರೂ ಅಪಹಾಸ್ಯ ಬದಲಾಗಲಿಲ್ಲ. ಅಲ್ಲಿ ಬಿಳಿಯ ಬಡವರನ್ನು ಹೀಯಾಳಿಸುವವರು ಇಂದಿಗೂ 'ಟ್ರೇಲರ್ ಟ್ರ್ಯಾಶ್' ಎನ್ನುತ್ತಾರೆ. ಟ್ರೇಲರಿನ ಕಸ ಎಂದರ್ಥ. ಮನೆಯ ಗಾಲಿ ಮನುಷ್ಯನ ಯೋಗ್ಯತೆಯ ಅಳತೆಗೋಲಾದದ್ದು ಹೀಗೆ.

ಕಾನೂನೂ ಈ ಮನೆಗಳನ್ನು ಬಹುಕಾಲ ವಾಹನವೆಂದೇ ಎಣಿಸಿತು. ಕ್ಯಾಲಿಫೋರ್ನಿಯದಲ್ಲಿ ಹೊಸ ಮೊಬೈಲ್ ಮನೆಗಳು ಸ್ಥಳೀಯ ಆಸ್ತಿ ತೆರಿಗೆಯ ವ್ಯಾಪ್ತಿಗೆ ಬಂದದ್ದು 1980ರ ಜುಲೈನಿಂದ; ಅಲ್ಲಿಯವರೆಗೆ ಅವುಗಳಿಗೆ ಕಾರಿನಂತೆ ಪರವಾನಗಿ ಶುಲ್ಕ. ನೆಲ ತನ್ನದಲ್ಲದ ಮನೆಗೆ ಸಾಲ ಬೇಕಾದರೆ ಇಂದಿಗೂ ಅನೇಕ ಕಡೆ ಅದು ಚರಾಸ್ತಿಯ ಮೇಲಿನ ಸಾಲ. ಗೃಹಸಾಲಕ್ಕಿಂತ ಬಡ್ಡಿ ಹೆಚ್ಚು, ಅವಧಿ ಕಡಿಮೆ, ಸಾಲಗಾರನಿಗೆ ರಕ್ಷಣೆಯೂ ಕಡಿಮೆ. ಕಡಿಮೆ ಆದಾಯದವನು ಅಗ್ಗದ ಮನೆ ಕೊಂಡದ್ದಕ್ಕೆ ಹೆಚ್ಚು ಬಡ್ಡಿ ತೆರಬೇಕು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಸೆಳೆದದ್ದು ನೆಲಬಾಡಿಗೆಯ ಲೆಕ್ಕ. 'ಮೊಬೈಲ್' ಎಂಬ ಹೆಸರೇ ಇಲ್ಲೊಂದು ವ್ಯಂಗ್ಯ. ಅಂಥ ಮನೆಯನ್ನು ಕಿತ್ತು ಬೇರೆಡೆಗೆ ಸಾಗಿಸಲು ಸಾವಿರಾರು ಡಾಲರ್ ಬೇಕು. ಹಳೆಯ ಮನೆಯಾದರೆ ದಾರಿಯಲ್ಲೇ ಮುರಿದೀತು. ಮುರಿಯದಿದ್ದರೂ ಅದನ್ನು ಸೇರಿಸಿಕೊಳ್ಳುವ ಇನ್ನೊಂದು ಜಾಗ ಸಿಗುವುದು ದುರ್ಲಭ. ಹೀಗಾಗಿ ನೆಲದ ಒಡೆಯ ಬಾಡಿಗೆ ಏರಿಸಿದರೆ ಮನೆಯೊಡತಿಗೆ ಇರುವ ದಾರಿ ಎರಡೇ: ಕೇಳಿದಷ್ಟು ಕೊಡುವುದು, ಇಲ್ಲವೇ ಮನೆಯನ್ನು ಅಲ್ಲೇ ಬಿಟ್ಟು ನಡೆಯುವುದು. ಸಾಮಾನ್ಯ ಬಾಡಿಗೆದಾರ ತನ್ನ ಪಾತ್ರೆಪಗಡೆ ಕಟ್ಟಿಕೊಂಡು ಹೊರಡಬಲ್ಲ. ಇವರಿಗೆ ಆ ಸ್ವಾತಂತ್ರ್ಯವೂ ಇಲ್ಲ. ದೊಡ್ಡ ಹೂಡಿಕೆದಾರರು ಇಂಥ ಪಾರ್ಕುಗಳನ್ನು ಒಂದರ ಹಿಂದೊಂದು ಕೊಳ್ಳುತ್ತಿರುವುದರ ಗುಟ್ಟು ಇದೇ. ನೆಲದ ಬೆಲೆ ಏರುವುದು ಸಮಾಜದ ಶ್ರಮದಿಂದ, ಅದರ ಲಾಭ ಹೋಗುವುದು ನೆಲದೊಡೆಯನಿಗೆ ಎಂದು ಹೆನ್ರಿ ಜಾರ್ಜ್ 1879ರಲ್ಲಿ ಬರೆದ. ಆ ಪುಸ್ತಕ ಬರೆಯುವಾಗ ಆತ ಇದ್ದದ್ದು ಇಲ್ಲಿಂದ ಒಂದು ಗಂಟೆಯ ದಾರಿಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ನೂರನಲವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಸಿಲಿಕಾನ್ ಕಣಿವೆಯಲ್ಲಿ ನಿಂತು ನೋಡಿದರೆ ಆತನ ಮಾತಿಗೆ ಬೇರೆ ಉದಾಹರಣೆ ಬೇಕಿಲ್ಲ.

ಅಲ್ಲಿಯೇ ಇದಕ್ಕೆ ಉತ್ತರ ಹುಡುಕಿದವರೂ ಇದ್ದಾರೆ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡ ಪಾಲೋ ಆಲ್ಟೋ ನಗರದಲ್ಲಿ ಬ್ಯೂನಾ ವಿಸ್ಟಾ ಎಂಬ ಒಂದೇ ಒಂದು ಮೊಬೈಲ್ ಮನೆಗಳ ಪಾರ್ಕ್ ಇದೆ. ಸುಮಾರು ನಾನೂರು ನಿವಾಸಿಗಳು, ಬಹುತೇಕ ಕಡಿಮೆ ಆದಾಯದ ಲ್ಯಾಟಿನೋ ಕುಟುಂಬಗಳು. ಅವರ ಮಕ್ಕಳು ದೇಶದ ಉತ್ತಮ ಸಾರ್ವಜನಿಕ ಶಾಲೆಗಳಲ್ಲಿ ಓದುತ್ತಿದ್ದರು; ಆ ವಿಳಾಸವೇ ಅವರ ದೊಡ್ಡ ಆಸ್ತಿ. 2012ರಲ್ಲಿ ನೆಲದ ಮಾಲೀಕರು ಪಾರ್ಕನ್ನು ಮುಚ್ಚಲು ಹೊರಟಾಗ ಐದು ವರ್ಷಗಳ ಹೋರಾಟ ನಡೆಯಿತು. ಕೊನೆಗೆ 2017ರಲ್ಲಿ ಸ್ಯಾಂಟಾ ಕ್ಲಾರಾ ಕೌಂಟಿಯ ವಸತಿ ಪ್ರಾಧಿಕಾರ ನಗರ ಮತ್ತು ಕೌಂಟಿಯ ನೆರವಿನೊಡನೆ ಸುಮಾರು 4 ಕೋಟಿ ಡಾಲರಿಗೆ ಆ ನೆಲವನ್ನು ಕೊಂಡು ಅವರನ್ನು ಉಳಿಸಿತು. ದೇಶದ ಇನ್ನೊಂದು ತುದಿಯ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ 1984ರಲ್ಲಿಯೇ ಮೆರೆಡಿತ್ ಎಂಬ ಪುಟ್ಟ ಊರಿನ ನಿವಾಸಿಗಳು ಸಹಕಾರ ಸಂಘ ಮಾಡಿಕೊಂಡು ತಮ್ಮ ಪಾರ್ಕನ್ನು ತಾವೇ ಕೊಂಡರು. ಆ ರಾಜ್ಯದ ಕಾನೂನಿನ ಪ್ರಕಾರ ಪಾರ್ಕ್ ಮಾರುವ ಮುನ್ನ ಮಾಲೀಕ ನಿವಾಸಿಗಳಿಗೆ ಅರವತ್ತು ದಿನಗಳ ಸೂಚನೆ ಕೊಡಬೇಕು. ಸಹಕಾರ ತತ್ತ್ವವನ್ನು ಚೆನ್ನಾಗಿ ಬಲ್ಲ ನಮ್ಮ ನಾಡಿನವರಿಗೆ ಇದು ಅಪರಿಚಿತ ಮಾರ್ಗವೇನಲ್ಲ.

ಆದರೆ ಪಾರ್ಕಿನಲ್ಲಿ ಜಾಗ ಸಿಕ್ಕವರು ಪುಣ್ಯವಂತರು. ಸಿಗದವರು ರಸ್ತೆಯಲ್ಲಿದ್ದಾರೆ. ಪಕ್ಕದ ಮೌಂಟನ್ ವ್ಯೂ ಗೂಗಲ್ ಸಂಸ್ಥೆಯ ಕೇಂದ್ರ ಕಚೇರಿ ಇರುವ ಊರು. ಅಲ್ಲಿನ ಬೀದಿಗಳ ಬದಿಯಲ್ಲಿ ಹಳೆಯ ಮೋಟಾರು ಮನೆಗಳು ಸಾಲಾಗಿ ನಿಂತಿರುವುದನ್ನು ಅಳಿಯ ತೋರಿಸಿದರು. ಹೋಟೆಲಿನಲ್ಲಿ ಅಡುಗೆ ಮಾಡುವವರು, ಕಚೇರಿಗಳನ್ನು ಗುಡಿಸುವವರು, ಕಟ್ಟಡ ಕಾರ್ಮಿಕರು ರಾತ್ರಿ ಅದರೊಳಗೆ ಮಲಗಿ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ. 2020ರ ನವೆಂಬರಿನಲ್ಲಿ ಆ ಊರಿನ ಮತದಾರರು ಕಿರಿದಾದ ರಸ್ತೆಗಳಲ್ಲಿ ದೊಡ್ಡ ವಾಹನ ನಿಲ್ಲಿಸುವುದನ್ನು ನಿಷೇಧಿಸುವ ಪ್ರಸ್ತಾವವನ್ನು ಅಂಗೀಕರಿಸಿದರು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ 2022ರಲ್ಲಿ ರಾಜಿಯಾಯಿತು. ಅದೇ ನಗರಸಭೆ ಗೊತ್ತುಪಡಿಸಿದ ಆವರಣಗಳಲ್ಲಿ ಶೌಚಾಲಯ, ನೀರು ಒದಗಿಸಿ ಇಂಥ ವಾಹನಗಳಿಗೆ ತಂಗಲು ಜಾಗವನ್ನೂ ಮಾಡಿಕೊಟ್ಟಿದೆ. ಒಂದು ಕೈಯಲ್ಲಿ ನಿಷೇಧ, ಇನ್ನೊಂದು ಕೈಯಲ್ಲಿ ಆಶ್ರಯ. ಇದನ್ನು ಬೂಟಾಟಿಕೆ ಎನ್ನುವುದು ಸುಲಭ. ಆಡಳಿತದಲ್ಲಿದ್ದವನಾಗಿ ಹೇಳುವುದಾದರೆ, ಚುನಾಯಿತ ಸಂಸ್ಥೆಯೊಂದು ಮತದಾರರ ಕೋಪ ಮತ್ತು ನಿರ್ಗತಿಕರ ಅಗತ್ಯ ಎರಡನ್ನೂ ಸಂಭಾಳಿಸುವಾಗ ಹೀಗೆಯೇ ಆಗುತ್ತದೆ.

2017ರಲ್ಲಿ ಪತ್ರಕರ್ತೆ ಜೆಸ್ಸಿಕಾ ಬ್ರೂಡರ್ ಬರೆದ 'ನೊಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕ, ಮನೆ ಕಳೆದುಕೊಂಡು ವ್ಯಾನುಗಳಲ್ಲಿ ಊರೂರು ತಿರುಗುತ್ತ ಹಂಗಾಮಿ ಕೂಲಿ ಮಾಡುವ ಅಮೆರಿಕದ ವೃದ್ಧರನ್ನು ಕುರಿತದ್ದು. ಅದನ್ನು ಆಧರಿಸಿದ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಂತು. ಚಿತ್ರವನ್ನು ಮೆಚ್ಚಿದ ದೇಶದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಆರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಎಂಬ ಊರಿನ ಪ್ರಕರಣದಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಬಿಡಾರ ಹೂಡಿ ಮಲಗುವುದಕ್ಕೆ ದಂಡ ವಿಧಿಸುವುದು ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆಯಲ್ಲ ಎಂದು ತೀರ್ಪಿತ್ತಿತು. ಬೇರೆ ಜಾಗವಿಲ್ಲದವರಿಗೂ ಇದು ಅನ್ವಯಿಸುತ್ತದೆ.

ಇನ್ನು ಬ್ರಿಟನ್ನಿಗೆ ಬರೋಣ. ಅಲ್ಲಿ ಗಾಲಿಮನೆ ಮೂರು ಮುಖಗಳಲ್ಲಿ ಕಾಣಿಸುತ್ತದೆ. ಮೊದಲನೆಯದು ರಜೆಯಲ್ಲಿ ಸಮುದ್ರತೀರಕ್ಕೆ ಹೋಗುವ ಮಧ್ಯಮ ವರ್ಗದವರ ಕಾರವಾನ್, ಅದಕ್ಕೆ ಗೌರವ. ಎರಡನೆಯದು ನಿವೃತ್ತರ 'ಪಾರ್ಕ್ ಹೋಮ್'; ಅದಕ್ಕೆ ಸಹಾನುಭೂತಿ. ಈ ವೃದ್ಧರು ಮನೆ ಮಾರಿದಾಗ ಬೆಲೆಯ ಶೇಕಡ 10ರವರೆಗೆ ಪಾರ್ಕಿನ ಮಾಲೀಕನಿಗೆ ಕಮಿಷನ್ ತೆರಬೇಕಾಗುತ್ತದೆ. ಅವರ ನೆಲಬಾಡಿಗೆಯ ವಾರ್ಷಿಕ ಏರಿಕೆಯನ್ನು ಯಾವ ಬೆಲೆ ಸೂಚ್ಯಂಕಕ್ಕೆ ಜೋಡಿಸಬೇಕೆಂಬ ವಾದ ವರ್ಷಗಟ್ಟಲೆ ನಡೆದು, 2023ರಲ್ಲಿ ಚಿಲ್ಲರೆ ಬೆಲೆ ಸೂಚ್ಯಂಕದ ಬದಲು ಗ್ರಾಹಕ ಬೆಲೆ ಸೂಚ್ಯಂಕವನ್ನು ಅನುಸರಿಸಲು ಕಾನೂನಾಯಿತು. ಮೂರನೆಯದು ಜಿಪ್ಸಿ ಮತ್ತು ಟ್ರಾವೆಲರ್ ಸಮುದಾಯಗಳ ಕಾರವಾನ್. ಅದಕ್ಕೆ ಇರುವುದು ಸಂಶಯ.

ಈ ಸಮುದಾಯಗಳಿಗೆ ತಂಗುದಾಣ ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು 1968ರ ಕಾನೂನು ವಿಧಿಸಿತ್ತು. 1994ರಲ್ಲಿ ಆ ಕರ್ತವ್ಯವನ್ನು ರದ್ದುಪಡಿಸಿದರು. 'ನಿಮ್ಮ ಜಾಗ ನೀವೇ ಕೊಂಡುಕೊಳ್ಳಿ' ಎಂಬುದು ಸರ್ಕಾರದ ನಿಲುವಾಯಿತು. ಕೊಂಡವರಿಗೆ ನಿರ್ಮಾಣ ಪರವಾನಗಿ ಸಿಗಲಿಲ್ಲ. ಎಸೆಕ್ಸಿನ ಡೇಲ್ ಫಾರ್ಮ್ ಎಂಬಲ್ಲಿ ಟ್ರಾವೆಲರ್ ಕುಟುಂಬಗಳು ತಾವೇ ಕೊಂಡ ನೆಲದಲ್ಲಿ, ಆದರೆ ಪರವಾನಗಿಯಿಲ್ಲದೆ ಬಿಡಾರ ಹೂಡಿದ್ದರು. 2011ರ ಅಕ್ಟೋಬರಿನಲ್ಲಿ ಗಲಭೆ ನಿಗ್ರಹ ಪೊಲೀಸರ ರಕ್ಷಣೆಯಲ್ಲಿ ಅವರನ್ನು ತೆರವುಗೊಳಿಸಲಾಯಿತು. 2022ರ ಪೊಲೀಸ್ ಕಾಯಿದೆ ಒಂದು ಹೆಜ್ಜೆ ಮುಂದೆ ಹೋಗಿ, ಅನುಮತಿಯಿಲ್ಲದ ನೆಲದಲ್ಲಿ ವಾಹನದೊಡನೆ ವಾಸವಿರಲು ಹೊರಟು, ಹೋಗೆಂದರೂ ಹೋಗದಿರುವುದನ್ನು ಅಪರಾಧವಾಗಿಸಿತು. ವಾಹನವನ್ನು, ಎಂದರೆ ಮನೆಯನ್ನೇ, ಮುಟ್ಟುಗೋಲು ಹಾಕಿಕೊಳ್ಳಬಹುದು. ತೆರವಾದವರು ಮರಳಿ ಬಾರದಂತೆ ವಿಧಿಸುವ ಅವಧಿಯನ್ನು ಮೂರು ತಿಂಗಳಿನಿಂದ ಹನ್ನೆರಡು ತಿಂಗಳಿಗೆ ಏರಿಸಿದ್ದು ಮಾನವ ಹಕ್ಕುಗಳಿಗೆ ಹೊಂದುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಅಲ್ಲಿನ ಹೈಕೋರ್ಟ್ ಘೋಷಿಸಿತು. ತಂಗಲು ಅಧಿಕೃತ ಜಾಗಗಳೇ ಸಾಲದಿರುವಾಗ ಎದ್ದು ಹೋಗೆಂದರೆ ಎಲ್ಲಿಗೆ ಎಂಬುದು ಆ ಪ್ರಕರಣದ ತಿರುಳು.

ನೆರೆಯ ಐರ್ಲೆಂಡಿನಲ್ಲಿ 2015ರ ಅಕ್ಟೋಬರಿನಲ್ಲಿ ಡಬ್ಲಿನ್ ಸಮೀಪದ ಕ್ಯಾರಿಕ್‌ಮೈನ್ಸ್ ತಂಗುದಾಣದಲ್ಲಿ ಬೆಂಕಿ ಬಿದ್ದು ಟ್ರಾವೆಲರ್ ಸಮುದಾಯದ ಹತ್ತು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ದೇಶವೇ ದುಃಖಿಸಿತು. ಆದರೆ ಬದುಕುಳಿದವರಿಗೆ ಹತ್ತಿರದಲ್ಲಿ ತಾತ್ಕಾಲಿಕ ಜಾಗ ಸಿದ್ಧಪಡಿಸಲು ಹೋದಾಗ ಅಕ್ಕಪಕ್ಕದ ನಿವಾಸಿಗಳು ದಾರಿಗೆ ಅಡ್ಡ ನಿಂತರು. ಅವರೇನೂ ರಾಕ್ಷಸರಲ್ಲ. ನಮ್ಮ ನಿಮ್ಮಂತೆ ಮಕ್ಕಳನ್ನು ಶಾಲೆಗೆ ಕಳಿಸುವ, ಮನೆ ಸಾಲದ ಕಂತು ಕಟ್ಟುವ ಸಭ್ಯರು. ಕನಿಕರ ದೂರದಿಂದ ಸುಲಭ, ನೆರೆಹೊರೆಯಾಗುವಾಗ ಕಷ್ಟ. ಎರಡು ವರ್ಷಗಳೊಳಗೆ, 2017ರ ಮಾರ್ಚಿನಲ್ಲಿ, ಐರಿಷ್ ಸರ್ಕಾರ ಟ್ರಾವೆಲರ್‌ಗಳನ್ನು ಪ್ರತ್ಯೇಕ ಜನಾಂಗೀಯ ಸಮುದಾಯವೆಂದು ಅಧಿಕೃತವಾಗಿ ಮಾನ್ಯ ಮಾಡಿತು. ಗೌರವ ಮೊದಲು ಬಂತು. ನೆಲ ಇನ್ನೂ ಬರಬೇಕಾಗಿದೆ.

ಸ್ವಾತಂತ್ರ್ಯ, ಸಮಾನತೆಗಳ ತವರಾದ ಫ್ರಾನ್ಸಿನ ಕಥೆ ನನಗೆ ಇನ್ನಷ್ಟು ಆಶ್ಚರ್ಯ ಉಂಟುಮಾಡಿತು. 1912ರಲ್ಲಿ ಅಲ್ಲಿ ಮಾಡಿದ ಕಾನೂನಿನ ಪ್ರಕಾರ ಅಲೆಮಾರಿಗಳು ತಮ್ಮ ದೇಹದ ಅಳತೆ, ಬೆರಳಚ್ಚು ಇರುವ ಗುರುತಿನ ಪುಸ್ತಕವನ್ನು ಇಟ್ಟುಕೊಂಡು ಹೋದ ಹೋದ ಊರಿನಲ್ಲಿ ಮೊಹರು ಹಾಕಿಸಿಕೊಳ್ಳಬೇಕಿತ್ತು. 1969ರಲ್ಲಿ ಅದು ಸೌಮ್ಯ ರೂಪದ ಸಂಚಾರ ಪುಸ್ತಕವಾಯಿತು. ಆದರೆ ಯಾವುದಾದರೂ ಒಂದು ಊರಿಗೆ ಮೂರು ವರ್ಷ ಲಗತ್ತಾಗಿರದಿದ್ದರೆ ಮತದಾನದ ಹಕ್ಕಿಲ್ಲ. ಈ ನಿಬಂಧನೆಯನ್ನು ಅಲ್ಲಿನ ಸಂವಿಧಾನ ಮಂಡಳಿ ತೆಗೆದುಹಾಕಿದ್ದು 2012ರಲ್ಲಿ. ಸಂಚಾರ ಪುಸ್ತಕಗಳು ಪೂರ್ತಿ ರದ್ದಾದದ್ದು 2017ರಲ್ಲಿ. ಇನ್ನೊಂದು ಕಡೆ, 5,000ಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳು ಸಂಚಾರಿ ಸಮುದಾಯಗಳಿಗೆ ತಂಗುದಾಣದ ವ್ಯವಸ್ಥೆ ಮಾಡಲೇಬೇಕೆಂದು 2000ದ ಜುಲೈನಲ್ಲಿ ಆದ ಕಾನೂನು ವಿಧಿಸುತ್ತದೆ. ಇದು ಎಲ್ಲ ಕಡೆ ಪಾಲನೆಯಾಗಿಲ್ಲ. ಆದರೂ ಕರ್ತವ್ಯವೆಂದು ಬರೆದಿಟ್ಟದ್ದರಿಂದ ಕೇಳುವವರಿಗೆ ಒಂದು ಆಧಾರವಿದೆ.

ಎಲ್ಲ ದೇಶಗಳೂ ಗಾಲಿಮನೆಯನ್ನು ಅನುಮಾನದಿಂದಲೇ ನೋಡುತ್ತವೆ ಎಂದಲ್ಲ. ಆಸ್ಟ್ರೇಲಿಯದಲ್ಲಿ ಕಾರವಾನ್ ಕಟ್ಟಿಕೊಂಡು ತಿಂಗಳುಗಟ್ಟಲೆ ಖಂಡವನ್ನೇ ಸುತ್ತುವ ನಿವೃತ್ತರನ್ನು 'ಗ್ರೇ ನೊಮ್ಯಾಡ್ಸ್', ನರೆಗೂದಲಿನ ಅಲೆಮಾರಿಗಳು ಎಂದು ಪ್ರೀತಿಯಿಂದ ಕರೆಯುತ್ತಾರೆ. ಅವರು ಹಣ ಖರ್ಚು ಮಾಡುವವರಾದ್ದರಿಂದ ಸಣ್ಣ ಊರುಗಳು ಕೈಬೀಸಿ ಕರೆಯುತ್ತವೆ. ನ್ಯೂಜಿಲೆಂಡ್ 2011ರಲ್ಲಿ ಮುಕ್ತ ಬಿಡಾರಕ್ಕೆಂದೇ ಒಂದು ಕಾಯಿದೆ ಮಾಡಿತು. 2023ರಲ್ಲಿ ಅದನ್ನು ಬಿಗಿಗೊಳಿಸಿ, ವಾಹನದೊಳಗೇ ಸ್ಥಿರವಾದ ಶೌಚಾಲಯವಿರಬೇಕೆಂಬ ನಿಯಮ ತಂದಿತು. ದೂರು ಇದ್ದದ್ದು ಕೊಳಕಿನ ಬಗ್ಗೆ. ನಿಯಮವನ್ನೂ ಕೊಳಕಿಗೇ ಮಾಡಿದರು. ಜಪಾನಿನಲ್ಲಿ 1993ರಿಂದ ಹೆದ್ದಾರಿಗಳ ಬದಿಯಲ್ಲಿ ಕಟ್ಟಿದ 'ಮಿಚಿ ನೊ ಎಕಿ' ಎಂಬ ರಸ್ತೆ ನಿಲ್ದಾಣಗಳು ಇಂದು ಸಾವಿರಕ್ಕೂ ಹೆಚ್ಚಿವೆ. ಶೌಚಾಲಯ, ವಾಹನ ನಿಲುಗಡೆ ಹಗಲು ರಾತ್ರಿ ಉಚಿತ. 2016ರ ಕುಮಾಮೊಟೊ ಭೂಕಂಪದಲ್ಲಿ ಸಾವಿರಾರು ಮಂದಿ ಕುಸಿದೀತೆಂಬ ಭಯದಿಂದ ಸ್ವಂತ ಮನೆ ಬಿಟ್ಟು ಕಾರುಗಳಲ್ಲಿ ದಿನಗಟ್ಟಲೆ ಮಲಗಿದರು. ಸ್ಥಿರವಾದದ್ದೇ ಸುರಕ್ಷಿತ ಎಂಬ ನಮ್ಮ ನಂಬಿಕೆಯನ್ನು ಭೂಮಿ ಒಮ್ಮೊಮ್ಮೆ ಅಲುಗಿಸಿ ತೋರಿಸುತ್ತದೆ.

ಮಂಗೋಲಿಯದಲ್ಲಿ ಮಾತ್ರ ಸಾಗಿಸಬಲ್ಲ ಮನೆ ರಾಷ್ಟ್ರದ ಹೆಮ್ಮೆ. ಮರದ ಚೌಕಟ್ಟಿಗೆ ಉಣ್ಣೆಯ ಕಂಬಳಿ ಹೊದಿಸಿದ 'ಗೆರ್' ಎಂಬ ಗುಂಡು ಗುಡಾರವನ್ನು ಕಟ್ಟುವ ಕಲೆಯನ್ನು 2013ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಹುಲ್ಲುಗಾವಲಿನ ಗೆರ್ ರಾಜಧಾನಿ ಉಲಾನ್‌ಬಾತರಿಗೆ ಬಂದಾಗ ಅದರ ಅರ್ಥ ಬದಲಾಯಿತು. ಜಾನುವಾರು ಕಳೆದುಕೊಂಡು ವಲಸೆ ಬಂದವರು ನಗರದ ಅಂಚಿನ ಗುಡ್ಡಗಳ ಮೇಲೆ ಗೆರ್ ಹೂಡಿದರು. ನೀರಿಗೆ ಗಾಡಿ, ಶೌಚಕ್ಕೆ ಗುಂಡಿ, ಚಳಿಗೆ ಕಲ್ಲಿದ್ದಲಿನ ಒಲೆ. ಆ ಹೊಗೆಯಿಂದ ಚಳಿಗಾಲದಲ್ಲಿ ನಗರವೇ ಉಸಿರುಗಟ್ಟಿ, 2019ರಲ್ಲಿ ಹಸಿ ಕಲ್ಲಿದ್ದಲನ್ನು ನಿಷೇಧಿಸಬೇಕಾಯಿತು. ಹಾಗಿದ್ದರೂ ಆ ದೇಶ ಒಂದು ಕೆಲಸ ಮಾಡಿತು: 2003ರಿಂದ ಜಾರಿಗೆ ಬಂದ ಕಾನೂನಿನಲ್ಲಿ ತನ್ನ ಪ್ರಜೆಗಳಿಗೆ ಒಂದು ತುಂಡು ನೆಲದ ಹಕ್ಕು ಕೊಟ್ಟಿತು, ರಾಜಧಾನಿಯಲ್ಲಿ ಅದು 700 ಚದರ ಮೀಟರಿನವರೆಗೆ. ಹೀಗಾಗಿ ಅಲ್ಲಿ ಗುಡಾರದಲ್ಲಿರುವವನೂ ನೆಲದ ಒಡೆಯನಾಗಬಲ್ಲ. ಸನ್ನಿವೇಲ್‌ನ ಆ ವೃದ್ಧೆಗೆ ಇರುವ ಸ್ಥಿತಿಗೆ ಇದು ತೀರ ತಿರುವುಮುರುವು.

ಇಷ್ಟೆಲ್ಲ ದೇಶಗಳನ್ನು ಸುತ್ತಿ ಬಂದ ಮೇಲೆ ನನ್ನ ಷರಾದ ವಿಷಯ ಹೇಳಬೇಕು. 1987. ಬರಗಾಲದ ವರ್ಷ. ನಾನು ಸೇವೆಗೆ ಸೇರಿ ಮೂರು ವರ್ಷವಾಗಿತ್ತು, ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ತಹಶೀಲ್ದಾರನಾಗಿದ್ದೆ. ಪಡಿತರ ಚೀಟಿಗಾಗಿ ಬಂದ ಅರ್ಜಿಗಳ ರಾಶಿಯಲ್ಲಿ ಊರ ಹೊರಗಿನ ಬಯಲಿನಲ್ಲಿ ಎತ್ತಿನ ಬಂಡಿ, ಗುಡಾರಗಳೊಡನೆ ಇಳಿದಿದ್ದ ಹೆಳವರ ಕುಟುಂಬವೊಂದರ ಅರ್ಜಿಯೂ ಇತ್ತು. ಉತ್ತರ ಕರ್ನಾಟಕದವರಿಗೆ ಹೆಳವರನ್ನು ಪರಿಚಯಿಸಬೇಕಿಲ್ಲ. ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಬರೆದಿಟ್ಟುಕೊಂಡು, ಕೆಲವು ವರ್ಷಗಳಿಗೊಮ್ಮೆ ಬಾಗಿಲಿಗೆ ಬಂದು ಓದಿ ಹೇಳಿ, ಕಾಳುಕಡಿ ಪಡೆದು ಹೋಗುವವರು. ನಮ್ಮ ಮನೆಗೂ ಬರುತ್ತಿದ್ದರು. ನಮ್ಮ ಮೂಲಪುರುಷ ಯಾವ ಊರಿನಿಂದ ಎದ್ದು ಬಂದ ಎಂಬುದು ನಮ್ಮ ಅಜ್ಜನಿಗೆ ತಿಳಿಯದು, ಹೆಳವನ ಪುಸ್ತಕಕ್ಕೆ ತಿಳಿದಿತ್ತು. ನಮ್ಮ ಖಾಯಂ ವಿಳಾಸವನ್ನು ಕಾಯ್ದುಕೊಂಡವರು ಅವರು.

ಆ ಅರ್ಜಿಯಲ್ಲಿ 'ಮನೆ ಸಂಖ್ಯೆ' ಎಂಬ ಕಲಮು ಖಾಲಿ. ಗ್ರಾಮ ಲೆಕ್ಕಿಗರ ವರದಿ: 'ಸದರಿಯವರು ಸ್ಥಳೀಯರಲ್ಲ.' ಅರ್ಜಿದಾರ ಎದುರಿಗೇ ನಿಂತಿದ್ದ. ಐವತ್ತರ ಆಸುಪಾಸು, ತಲೆಗೆ ರುಮಾಲು. 'ನಿನ್ನ ಊರು ಯಾವುದು?' ಎಂದೆ. ಆತ ಎರಡು ಮೂರು ಊರುಗಳ ಹೆಸರು ಹೇಳಿದ. 'ಯಾವುದಾದರೂ ಒಂದು ಹೇಳು' ಎಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸಾಹೇಬ್ರ, ನಿಮ್ಮ ಏಳು ತಲಿ ಹೆಸರ ನಾವು ಬರಕೊಂಡ ತಿರಗತೀವಿ. ನಮ್ಮದೊಂದ ಹೆಸರ ನಿಮ್ಮ ಪುಸ್ತಕದಾಗ ಕುಂಡ್ರೂದುಲ್ಲೇನ್ರಿ?' ಎಂದ. ಕಚೇರಿಯ ಗುಮಾಸ್ತರು ನಕ್ಕರು. ನನಗೂ ಮಾತು ಚುರುಕಾಗಿದೆ ಎನಿಸಿತು, ಅಷ್ಟೇ. 'ಅರ್ಜಿದಾರರಿಗೆ ಖಾಯಂ ವಾಸಸ್ಥಳವಿಲ್ಲ. ಅರ್ಜಿ ವಜಾ' ಎಂದು ಷರಾ ಬರೆದು ಸಹಿ ಮಾಡಿದೆ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ವಾರದ ಬಳಿಕ ಆ ಬಯಲಿನ ಮೇಲೆ ಹೋದಾಗ ಗುಡಾರಗಳಿರಲಿಲ್ಲ. ಮೂರು ಕಲ್ಲಿನ ಒಲೆಗಳು ಮಾತ್ರ ಇದ್ದವು. ಆ ಬರಗಾಲದಲ್ಲಿ ಆ ಕುಟುಂಬ ಅಕ್ಕಿ ಗೋಧಿಗೆ ಏನು ಮಾಡಿತೆಂದು ನಾನು ವಿಚಾರಿಸಲಿಲ್ಲ.

ನನ್ನ ಷರಾ ಒಂಟಿಯಾಗಿರಲಿಲ್ಲ, ಅದರ ಹಿಂದೆ ನೂರು ವರ್ಷಗಳ ಅಭ್ಯಾಸವಿತ್ತು. ಬ್ರಿಟಿಷರು 1871ರಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆ ಸಂಚಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಹಾಜರಿ ಹಾಕಬೇಕು, ಊರು ಬಿಡಲು ರಹದಾರಿ ಪಡೆಯಬೇಕು. 1911ರ ತಿದ್ದುಪಡಿಯಲ್ಲಿ ಬೆರಳಚ್ಚೂ ಸೇರಿತು. ಅದರ ಮರುವರ್ಷವೇ ಫ್ರಾನ್ಸಿನ ಕಾನೂನು ಬಂದದ್ದು. 1952ರಲ್ಲಿ ಆ ಕಾಯಿದೆಯನ್ನು ನಾವು ರದ್ದು ಮಾಡಿದೆವು. ಅದರ ಹಿಂದಿನ ಮನೋಭಾವ ರದ್ದಾಗಲು ಇನ್ನೂ ಸಮಯ ಬೇಕಾಯಿತು. ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯಗಳ ಸ್ಥಿತಿಗತಿಯನ್ನು ಕುರಿತು 2008ರಲ್ಲಿ ರೇಣಕೆ ಆಯೋಗ ವರದಿ ಕೊಟ್ಟಿತು. ಬಳಿಕ ಇದಾತೆ ಆಯೋಗವೂ ಕೊಟ್ಟಿತು. ನಿವೇಶನವಿಲ್ಲ, ದಾಖಲೆಯಿಲ್ಲ, ದಾಖಲೆಯಿಲ್ಲದ್ದರಿಂದ ನಿವೇಶನವಿಲ್ಲ ಎಂಬ ವಿಷವರ್ತುಲ ಎರಡರಲ್ಲೂ ಕಾಣುತ್ತದೆ.

ಬದಲಾವಣೆಗಳೂ ಆಗಿವೆ. 2023ರ ಜನವರಿಯಲ್ಲಿ ಕಲ್ಯಾಣ ಕರ್ನಾಟಕದ ತಾಂಡಾಗಳ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು. ಒಂದು ಕಾಲದಲ್ಲಿ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವನ್ನೆಲ್ಲ ಸುತ್ತಿದವರ ಕಾಲಡಿಯ ನೆಲ ಕೊನೆಗೂ ದಾಖಲೆಗೆ ಬಂತು. 2019ರಲ್ಲಿ ಆರಂಭವಾಗಿ 2022ರ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿದ 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆಯಲ್ಲಿ ಚೀಟಿ ಇದ್ದವರು ಯಾವ ಊರಿನಲ್ಲಾದರೂ ಪಡಿತರ ಪಡೆಯಬಹುದು. ನನ್ನ ಸೇವಾವಧಿಯ ಆರಂಭದಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ಆಗದ ಮಾತು ಎನ್ನುತ್ತಿದ್ದೆ. ಹಕ್ಕು ಈಗ ಸ್ಥಾವರವಾಗಿ ಉಳಿದಿಲ್ಲ, ಜಂಗಮವಾಗಿದೆ. ಆದರೆ ಆ ಮೊದಲ ಚೀಟಿ ಕೈಗೆ ಬರಬೇಕಾದರೆ ಇಂದಿಗೂ ವಿಳಾಸ ಬೇಕು.

ವಿಪರ್ಯಾಸ ನೋಡಿ. 2021ರಲ್ಲಿ ಕೇರಳ ಸರ್ಕಾರ ಕಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿ, ಹವಾನಿಯಂತ್ರಿತ ಗಾಲಿಮನೆಗಳಿಗೂ ಅವು ತಂಗುವ ಪಾರ್ಕುಗಳಿಗೂ ಸಹಾಯಧನ ಘೋಷಿಸಿತು. ಒಳ್ಳೆಯದೇ, ಉದ್ಯೋಗ ಸೃಷ್ಟಿಯಾಗುತ್ತದೆ. ಪ್ರವಾಸಿಯ ವಾಹನಕ್ಕೆ ನೀರು, ವಿದ್ಯುತ್ತು, ಒಳಚರಂಡಿ ಇರುವ ತಂಗುದಾಣ ಬೇಕೆಂದು ನಮಗೆ ಹೊಳೆಯುತ್ತದೆ. ಅದೇ ಮೂರು ಸೌಕರ್ಯ ಊರ ಹೊರಗಿನ ಬಯಲಿನಲ್ಲಿ ಇಳಿದ ಗುಡಾರಗಳಿಗೂ ಬೇಕೆಂಬುದು ಏಕೆ ಹೊಳೆಯುವುದಿಲ್ಲ?

ಅಧಿಕಾರಿಗಳ ಸಮರ್ಥನೆ ನನಗೆ ಗೊತ್ತಿದೆ, ನಾನೇ ಅದನ್ನು ಬಳಸಿದ್ದೇನೆ: ನಿಂತಲ್ಲಿ ನಿಲ್ಲದವರ ಲೆಕ್ಕ ಇಡುವುದು ಹೇಗೆ? ಇದಕ್ಕೆ ಉತ್ತರ ಮಗಳ ಮನೆಯಲ್ಲೇ ಸಿಕ್ಕಿತು. ಹನ್ನೆರಡು ವರ್ಷಗಳಲ್ಲಿ ಆಕೆ ಆರು ಮನೆ ಬದಲಿಸಿದ್ದಾಳೆ. ವಿದೇಶಿಯರು ಮನೆ ಬದಲಿಸಿದ ಹತ್ತು ದಿನಗಳೊಳಗೆ ಒಂದು ನಮೂನೆ ತುಂಬಿ ಅಮೆರಿಕ ಸರ್ಕಾರಕ್ಕೆ ತಿಳಿಸಬೇಕು. ಐದು ನಿಮಿಷದ ಕೆಲಸ. ಅಲೆಯುವ ಎಂಜಿನಿಯರನ್ನು ಒಂದು ಹಾಳೆಯ ಮೂಲಕ ಹಿಂಬಾಲಿಸಬಲ್ಲ ಆಡಳಿತ ಅಲೆಯುವ ಬಡವನನ್ನು ಹಿಂಬಾಲಿಸಲಾರೆ ಎಂದರೆ ಅದು ನೆಪ. ಆಕೆಯನ್ನು ಯಾರೂ ಅಲೆಮಾರಿ ಎನ್ನುವುದಿಲ್ಲ.

ನೆರೆಹೊರೆಯವರ ದೂರುಗಳನ್ನು ನಾನು ತಳ್ಳಿಹಾಕುವುದಿಲ್ಲ. ಕೊಳಚೆ, ಬೆಂಕಿಯ ಅಪಾಯ ನಿಜ. 1992ರಲ್ಲಿ ಫ್ಲಾರಿಡಾಕ್ಕೆ ಬಡಿದ ಆಂಡ್ರ್ಯೂ ಚಂಡಮಾರುತ ಮೊಬೈಲ್ ಮನೆಗಳ ಬಡಾವಣೆಗಳನ್ನೇ ಅಳಿಸಿಹಾಕಿತು. ಅಮೆರಿಕ ಆಗ ಅಂಥ ಮನೆಗಳನ್ನು ನಿಷೇಧಿಸಲಿಲ್ಲ; 1994ರಲ್ಲಿ ಗಾಳಿಯನ್ನು ತಡೆಯಬಲ್ಲ ಹೊಸ ಮಾನದಂಡಗಳನ್ನು ತಂದಿತು. ದೋಷ ಇದ್ದಲ್ಲಿ ದೋಷವನ್ನು ತಿದ್ದಬೇಕು, ಜನರನ್ನು ತೆರವುಗೊಳಿಸಬಾರದು. ನಮ್ಮ ತಾಲ್ಲೂಕು ಕೇಂದ್ರಗಳ ಬದಿಯಲ್ಲಿ ನೀರು, ಶೌಚಾಲಯ, ವಿದ್ಯುತ್ ದೀಪ ಇರುವ ಒಂದೊಂದು ಎಕರೆ ಬಯಲನ್ನು ಸಂಚಾರಿ ಕುಟುಂಬಗಳಿಗಾಗಿ ಕಾದಿರಿಸುವುದು, ಆ ಬಯಲಿಗೆ ಒಂದು ಸಂಖ್ಯೆ ಕೊಟ್ಟು ಅದನ್ನೇ ವಿಳಾಸವಾಗಿ ಮಾನ್ಯ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ನೆಲೆ ನಿಲ್ಲಲು ಬಯಸುವವರಿಗೆ ನಿವೇಶನ ಕೊಡೋಣ. ಬಯಸದವರಿಗೆ ತಂಗುದಾಣ ಕೊಡೋಣ. ಆಯ್ಕೆ ಅವರದಾಗಿರಲಿ.

ಊರಿಗೆ ಮರಳಿದ ಮೇಲೆ ಈ ಬಾರಿಯ ಜಾತ್ರೆಗೆ ನಮ್ಮ ಹಳ್ಳಿಗೆ ಹೋಗಿದ್ದೆ. ಹೆಳವರು ಬಂದಿದ್ದರು, ಎತ್ತಿನ ಬಂಡಿಯ ಬದಲು ಒಂದು ಟೆಂಪೊ. ತರುಣನೊಬ್ಬ ನಮ್ಮ ಮನೆತನದ ಪುಟ ತೆರೆದು, ನನ್ನ ಹೆಸರಿನ ಕೆಳಗೆ ಮಗಳ ಹೆಸರು, ಮೊಮ್ಮಗನ ಹೆಸರು ಬರೆದುಕೊಂಡ. 'ಊರು ಯಾವುದ್ರಿ?' ಎಂದು ಕೇಳಿದ. ಸನ್ನಿವೇಲ್ ಎಂದೆ. ಆದರೆ ಅಲ್ಲಿ ಎಷ್ಟು ದಿನ ಇರುತ್ತಾರೋ ಗೊತ್ತಿಲ್ಲ ಎಂದೂ ಸೇರಿಸಿದೆ. 'ಇರ್ಲಿ ಬಿಡ್ರಿ, ಎಲ್ಲಿದ್ರೂ ಹೆಸರ ಇಲ್ಲೇ ಇರತೈತಿ' ಎಂದು ಬರೆದು ಪುಸ್ತಕ ಮುಚ್ಚಿದ. ಮನೆ ಸಂಖ್ಯೆ ಕೇಳಲಿಲ್ಲ.